ಕರಿ ಗುಲಗಂಜಿ ಹುಳ

"ಈ ಎಲಿಗಿ ಏಳು ಹುಳ ಅದಾವ್ರಿ ಸಾಹೇಬ್ರ. ಮರಿ ಬ್ಯಾರೆ, ಮೂರು," ಎಂದಳು ಭಾಗಮ್ಮ, ಬದನೆಯ ಎಲೆಯನ್ನು ಬೆಳಕಿಗೆ ಮಗುಚಿ ಹಿಡಿದು.

ಬದುವಿನ ಮೇಲೆ ಕೂತಿದ್ದ ಹುಸೇನಸಾಬ ಬರೆದುಕೊಂಡ. ಬೇಸಾಯದ ಕಚೇರಿಯ ಕಾಮದಾರನಾಗಿ ಅವನು ಅಫಜಲಪುರಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಎಲೆಯ ಬೆನ್ನಿಗೆ ಕೂತು ರಸ ಹೀರುವ ಕೆಂಪು ನುಸಿ, ಅದನ್ನು ತಿನ್ನುವ ಸಾಸಿವೆಗಿಂತ ಸಣ್ಣ ಕರಿ ಗುಲಗಂಜಿ ಹುಳ: ಇವೆರಡನ್ನೂ ವಾರಕ್ಕೊಮ್ಮೆ ಎಣಿಸುವುದು ಅವನ ಕೆಲಸ. ಅವನಿಗೆ ಭೂತಗನ್ನಡಿ ಬೇಕಿತ್ತು. ಊರಾಚೆಯ ಕೇರಿಯಿಂದ ಕೂಲಿಗೆ ಬರುವ ಭಾಗಮ್ಮನಿಗೆ ಬೇಕಿರಲಿಲ್ಲ.

ಮಳೆಗಾಲದಲ್ಲಿ ಹುಡುಕಿದರೂ ಸಿಗದ ಹುಳ ದೀಪಾವಳಿಗೆ ಒಂದೆರಡು ಕಾಣುತ್ತಿತ್ತು. ಸಂಕ್ರಾಂತಿ ಕಳೆದು ಬಿಸಿಲೇರಿ ನುಸಿ ಹೆಚ್ಚಿದಂತೆ ಅದರ ಬೆನ್ನಿಗೇ ತಾನೂ ಹೆಚ್ಚುತ್ತಿತ್ತು. ಹೋಳಿಯ ಹೊತ್ತಿಗೆ ಭೀಮಾ ದಂಡೆಯ ತೋಟಗಳಲ್ಲಿ ನುಸಿ ಹೇಳಹೆಸರಿಲ್ಲದಂತಾಗುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಮೇಲಿನ ಕಚೇರಿಯಿಂದ ಬಿಳಿ ಪುಡಿಯ ಡಬ್ಬಿಗಳು ಬಂದವು. ಕಾಯಿಕೊರಕ ಹುಳಕ್ಕೆ ಹೊಡೆದು ರೈತರಿಗೆ ತೋರಿಸಬೇಕೆಂದು ಹುಕುಂ. ಭಾಗಮ್ಮ ಕೂಲಿಗೆ ಬರುತ್ತಿದ್ದ ಚಂದ್ರಾಮಪ್ಪಗೌಡನ ಬದನೆ ತೋಟದಲ್ಲೇ ಹೊಡೆದರು. ಮರುದಿನ ಸತ್ತ ಕಾಯಿಕೊರಕಗಳನ್ನು ನೋಡಿ ಗೌಡ ಹಿಗ್ಗಿದ. ಭಾಗಮ್ಮ ಗಿಡದ ಬುಡದಿಂದ ಚಿಟಿಕೆ ಮಣ್ಣು ತಂದು ಹುಸೇನಸಾಬನ ಮುಂದೆ ಹಿಡಿದಳು. ಮಣ್ಣಿನ ತುಂಬ ಕರಿ ಚುಕ್ಕೆಗಳು.

"ನುಸಿ ಹಂಗೇ ಅದಾವ್ರಿ. ತಿನ್ನೋವೇ ಸತ್ವು."

"ಸುಮ್ನಿರವ್ವ," ಎಂದ ಅವನು. ಪುಡಿ ಬಹಳ ಒಳ್ಳೆಯದೆಂದು ಆ ಸಂಜೆಯೇ ವರದಿ ಬರೆದು ಸಹಿ ಹಾಕಿದ.

ಮೂರು ವಾರದಲ್ಲಿ ನುಸಿ ಹೆಚ್ಚಿ ತೋಟ ಕೆಂಪಗಾಯಿತು. ಎಲೆಗಳಿಗೆ ಬಲೆ ಕಟ್ಟಿ, ಹೂ ಉದುರಿ, ಗಿಡಗಳು ನಿಂತಲ್ಲೇ ಒಣಗಿದವು. ಗೌಡ ಇಬ್ಬರನ್ನೂ ಕರೆಸಿದ.

"ಇಕಿ ಮುಟ್ಟಿ ಮುಟ್ಟಿ ನೋಡಿದ ಎಲಿನೇ ಒಣಗ್ಯಾವ. ಹೊಲದಿಂದ ಹೊಲಕ್ಕ ರೋಗ ಹೊತ್ಕೊಂಡು ತಿರಗ್ಯಾಳ," ಎಂದ. ಆಮೇಲೆ ಹುಸೇನಸಾಬನತ್ತ ತಿರುಗಿದ. "ನೀವ ಹೇಳ್ರಿ ಸಾಹೇಬ್ರ. ತಪ್ಪು ನಿಮ್ಮ ಪುಡೀದೋ, ಇಕೀದೋ?"

ಭಾಗಮ್ಮ ಅವನನ್ನೇ ನೋಡುತ್ತಿದ್ದಳು. ಹುಸೇನಸಾಬನಿಗೆ ವರದಿಯ ಕೆಳಗಿನ ತನ್ನ ಸಹಿ ನೆನಪಾಯಿತು. ಮಗಳು ವಜೀರುನ್ನಿಸಾಳ ಮದುವೆ ಮುಂದಿನ ತಿಂಗಳಿತ್ತು.

"ಪುಡಿ ಚಲೋ ಐತ್ರಿ," ಎಂದ. "ರೋಗ ಹೆಂಗ ಬಂತು, ನಾ ಹೆಂಗ ಹೇಳ್ಲಿ?"

ಗೌಡನಿಗೆ ಅಷ್ಟು ಸಾಕಾಗಿತ್ತು. "ಯಾವ ಕೈಲೆ ಮುಟ್ಟಿದೆ ಬೇ?" ಎಂದ. ಆಳುಗಳು ಅವಳ ಬಲಗೈಯನ್ನು ಬಂಡಿಯ ನೊಗದ ಮೇಲೆ ಒತ್ತಿ ಹಿಡಿದರು. ಬಾರಕೋಲಿನ ಹಿಡಿಯಿಂದ ಬೆರಳುಗಳ ಮೇಲೆ ಹೊಡೆದದ್ದು ಮೂರೇ ಸಲ. ಮೊದಲ ಏಟಿಗೆ ಅವಳು ಕೂಗಿದಳು, ಆಮೇಲೆ ಕೂಗಲಿಲ್ಲ. ಹುಸೇನಸಾಬ ನೆಲ ನೋಡುತ್ತ ನಿಂತಿದ್ದ. ಅಂದಿನಿಂದ ನದಿ ದಂಡೆಯ ಯಾವ ಊರಿನವರೂ ಅವಳನ್ನು ಕಳೆ ಕೀಳಲು ಕರೆಯಲಿಲ್ಲ.

ಮಗಳ ಮದುವೆ ಸಾಂಗವಾಗಿ ಮುಗಿಯಿತು. ಹೋಳಿಯಾದ ಮೇಲೆ ಆಳಂದದ ದಾರಿಯಲ್ಲಿ ರಸ್ತೆ ಕೆಲಸದ ಕೂಲಿಗಳ ನಡುವೆ ಹುಸೇನಸಾಬ ಅವಳನ್ನು ಕಂಡ. ಅವಳ ಗಂಡ ದತ್ತಪ್ಪ ಕಲ್ಲು ಒಡೆಯುತ್ತಿದ್ದ. ಅವಳು ಜಲ್ಲಿಯ ಬುಟ್ಟಿ ಹೊರುತ್ತಿದ್ದಳು. ಬಲಗೈಯ ಬೆರಳುಗಳು ಒಳಕ್ಕೆ ಮುದುಡಿ ಹಾಗೆಯೇ ಕೂಡಿಕೊಂಡಿದ್ದವು.

"ಭಾಗವ್ವ," ಎಂದ. "ಮ್ಯಾಲಿನವ್ರಿಗೆ ಖರೇ ಸಂಗತಿ ಬರದೇನಿ. ಪುಡಿಯಿಂದಾನ ಆತು ಅಂತ."

"ಗೌಡ್ರಿಗಿ ಹೇಳಿದ್ರೇನ್ರಿ?"

ಅವನು ಕೊಡೆಯ ತುದಿಯಿಂದ ಜಲ್ಲಿಯನ್ನು ಕೆದಕಿದ.

ದತ್ತಪ್ಪ ಸುತ್ತಿಗೆ ನಿಲ್ಲಿಸಿ ತಲೆ ಎತ್ತಿದ, ಮತ್ತೆ ಕಲ್ಲಿನತ್ತ ಬಾಗಿದ. ಭಾಗಮ್ಮ ಎಡಗೈ ಮತ್ತು ಮೊಣಕಾಲಿನ ಆಸರೆಯಿಂದ ಬುಟ್ಟಿಯನ್ನು ತಲೆಗೇರಿಸಿಕೊಂಡು, ಕಾದ ಜಲ್ಲಿಯ ಮೇಲೆ ಬರಿಗಾಲಲ್ಲಿ ಹೊರಟಳು. ಹುಸೇನಸಾಬ ಮಡಚಿದ ಕೊಡೆಯನ್ನು ಕೈಯಲ್ಲಿ ಹಿಡಿದು, ಅದನ್ನು ಬಿಚ್ಚದೆ, ಬಿಸಿಲಲ್ಲಿ ನಿಂತಿದ್ದ.