ಶಹರಬಾನು ಕಲಿಸಿದ ಮಾತು

೧೯೫೪ರ ಬೇಸಗೆಯಲ್ಲಿ ಇಳಕಲ್ಲಿನ ಸಾಲೆ ಮಾಸ್ತರ ಜಕರೀಯಪ್ಪನಿಗೆ ಅವರ ಕ್ರೈಸ್ತ ಸಭೆಯಿಂದ ಒಂದು ಪತ್ರ ಬಂತು. ಆಫ್ರಿಕಾದ ಟಾಂಗನೀಕಾದಲ್ಲಿ ಹೊಸದಾಗಿ ತೆರೆದ ಸಾಲೆಗೆ ಒಬ್ಬ ಶಿಕ್ಷಕ ಬೇಕು, ಪಕ್ಕದ ದವಾಖಾನೆಗೆ ಒಬ್ಬ ನರ್ಸು ಬೇಕು, ನೀವು ಗಂಡಹೆಂಡತಿ ಮಿಷನರಿಗಳಾಗಿ ಹೋಗುವಿರಾ ಎಂದು ಕೇಳಿದ್ದರು. ಜಕರೀಯಪ್ಪನ ಹೆಂಡತಿ ರಾಹೇಲವ್ವ ಹತ್ತು ವರ್ಷದಿಂದ ನರ್ಸಾಗಿದ್ದವಳು. ಒಬ್ಬಳೇ ಮಗಳು ಕರುಣಾಗೆ ಒಂಬತ್ತು ವರ್ಷ. ಊಟಕ್ಕೆ ಕೂತಾಗ ಪತ್ರ ಓದಿದರು, ಕೈ ತೊಳೆಯುವಷ್ಟರಲ್ಲಿ ಮೂವರೂ ಹೂಂ ಅಂದಿದ್ದರು.

ಷರತ್ತು ಒಂದೇ ಇತ್ತು. ಡಿಸೆಂಬರಿನೊಳಗೆ ಸ್ವಾಹಿಲಿ ಭಾಷೆ ಕಲಿತು ಬಾಗಲಕೋಟೆಯಲ್ಲಿ ಪರೀಕ್ಷೆ ಕೊಡಬೇಕು. ಅಂಚೆಯಲ್ಲಿ ಒಂದು ಪುಸ್ತಕವನ್ನೂ ಕಳಿಸಿದ್ದರು. ಮಾಸ್ತರ ದಿನಾ ಬೆಳಿಗ್ಗೆ ಅಂಗಳದಲ್ಲಿ ಅಡ್ಡಾಡುತ್ತ ಅದನ್ನು ಬಾಯಿಪಾಠ ಮಾಡತೊಡಗಿದ. ಒಂದು ತಿಂಗಳಾದರೂ ಎರಡನೆಯ ಪಾಠ ದಾಟಲಿಲ್ಲ.

"ನಮ್ಮ ಭಾಷಾದಾಗ ಶಬ್ದದ ಬಾಲ ಬದಲಾಗ್ತೈತಿ. ಇವರದ್ರಾಗ ತಲಿನ ಬದಲಾಗ್ತೈತಿ! ಮ್ತೋತೋ ಅಂದ್ರ ಒಂದು ಕೂಸು, ವತೋತೋ ಅಂದ್ರ ಭಾಳ ಕೂಸು. ಹಿಡಿಯೋದು ಎಲ್ಲಿ ಇದನ್ನ?" ಎಂದು ಪುಸ್ತಕ ಮುಚ್ಚಿಬಿಟ್ಟ.

ಅದೇ ವಾರ ನೂಲಿಗೆ ಬಣ್ಣ ಹಾಕುವ ರಾಜಮಹ್ಮದನ ಮಗಳಿಗೆ ಹೆರಿಗೆಯಾಯಿತು. ಬಾಣಂತಿಯನ್ನು ನೋಡಲು ರಾಹೇಲವ್ವ ಅವರ ಮನೆಗೆ ಹೋದಳು. ಒಳಕೋಣೆಯಲ್ಲಿ ರಾಜಮಹ್ಮದನ ಹೆಂಡತಿ ಶಹರಬಾನು ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಮೆಲ್ಲಗೆ ಏನೋ ಗುನುಗುತ್ತಿದ್ದಳು. ಕನ್ನಡವಲ್ಲ, ಅವರ ಮನೆಮಾತೂ ಅಲ್ಲ. ಆದರೆ ನಡುವೆ ಒಂದು ಶಬ್ದ ರಾಹೇಲವ್ವನ ಕಿವಿಗೆ ಬಿತ್ತು.

"ಆಪಾ, ಮ್ತೋತೋ ಅಂದ್ರಲ್ಲ ನೀವು? ಕೂಸು ಅಂತ ಅಲ್ಲೇನ್ರಿ?"

ಶಹರಬಾನುವಿನ ಕಾಲು ಅಲ್ಲಾಡುವುದು ನಿಂತಿತು. "ನಿಮಗ ಯಾರು ಹೇಳಿದ್ರು ನರ್ಸಬಾಯಿ?"

"ನಮ್ಮ ಮನ್ಯಾಗ ಮಾಸ್ತರ್ರು ದಿನಾ ಅದನ್ನ ಒದರ್ತಾರ. ಪುಸ್ತಕ ಹಿಡಕೊಂಡು."

ಶಹರಬಾನು ಮೊದಲು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ಹುಟ್ಟಿದ್ದು ಮೊಂಬಾಸಾದಲ್ಲಿ. ಅಪ್ಪ ಈ ಕಡೆಯಿಂದ ಹೋಗಿ ಅಲ್ಲಿ ದರ್ಜಿ ಅಂಗಡಿ ಇಟ್ಟಿದ್ದವನು. ಹದಿನಾರರಲ್ಲಿ ಮದುವೆಯಾಗಿ ಇಳಕಲ್ಲಿಗೆ ಬಂದವಳು ಮತ್ತೆ ಸಮುದ್ರ ನೋಡಿರಲಿಲ್ಲ. ಓಣಿಯ ಹುಡುಗಿಯರ ಜೊತೆ ಆಡುತ್ತ ಕಲಿತ ಆ ಭಾಷೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ಕೂಸುಗಳ ಜೊತೆ ಬಿಟ್ಟರೆ ಯಾರ ಜೊತೆಗೂ ಮಾತಾಡಿರಲಿಲ್ಲ.

"ನಾಳಿಂದ ಬರ್ರಿ. ಪುಸ್ತಕ ತರಬ್ಯಾಡ್ರಿ" ಎಂದಳು.

ಮರುದಿನದಿಂದ ಮೂವರೂ ಸಂಜೆ ಅಲ್ಲಿಗೇ ಹೋಗತೊಡಗಿದರು. ತಾಯಿಮಗಳು ಒಳಗೆ ಶಹರಬಾನುವಿನ ಹತ್ತಿರ ಕೂರುತ್ತಿದ್ದರು. ಮಾಸ್ತರ ಪಡಸಾಲೆಯಲ್ಲಿ ರಾಜಮಹ್ಮದನ ಪಕ್ಕ. ನಡುವೆ ಬಾಗಿಲಿಗೆ ಪರದೆ. ಒಳಗಿನಿಂದ ಪ್ರಶ್ನೆ ಬರುತ್ತಿತ್ತು, ಹೊರಗಿನಿಂದ ಮಾಸ್ತರ ಉತ್ತರ ಕೊಡುತ್ತಿದ್ದ. ತಕ್ಷಣ "ಹಪಾನಾ! ಹಪಾನಾ!" ಎಂಬ ಕೂಗು. ಅಲ್ಲ ಎನ್ನಲು ಅಲ್ಲಿ ಹಾಗನ್ನುತ್ತಾರೆ ಎಂಬುದನ್ನು ಅವನಿಗೆ ಬೇರೆ ಕಲಿಸಬೇಕಾಗಲಿಲ್ಲ.

ಒಂದು ಸಂಜೆ ಶಹರಬಾನು ಔಷಧಕ್ಕೆ ದವಾ, ಅಂಗಡಿಗೆ ದುಕಾ, ಸಾಬೂನಿಗೆ ಸಬೂನಿ ಎಂದು ಹೇಳುತ್ತಾ ಹೋದಾಗ ಕರುಣಾ ಎದ್ದು ಕುಣಿದಳು. "ಅಪ್ಪಾ, ಇವೆಲ್ಲಾ ನಮಗ ಮೊದಲ ಬರ್ತಿದ್ದುವಲ್ಲ!" ಪಡಸಾಲೆಯಲ್ಲಿ ಮಾಸ್ತರನಿಗೂ ಎದೆ ಹಗುರಾಯಿತು. ಚಹಾಕ್ಕೆ ಅಲ್ಲಿಯೂ ಚಾಯ್ ಎನ್ನುತ್ತಾರೆಂದು ತಿಳಿದು ರಾಜಮಹ್ಮದ ಎಲ್ಲರಿಗೂ ಇನ್ನೊಂದು ಸಲ ಚಹಾ ಮಾಡಿಸಿದ.

"ಮಾಸ್ತರ್ರ," ಎಂದ ರಾಜಮಹ್ಮದ, ಒಳಗಿನ ಗದ್ದಲಕ್ಕೆ ಕಿವಿಗೊಟ್ಟು. ಅವನ ಕೈಗಳು ಮುಂಗೈತನಕ ನೀಲಿಯಾಗಿದ್ದವು. "ಇಪ್ಪತ್ತಾರು ವರ್ಷ ಸಂಸಾರ ಮಾಡೇನಿ. ಈಕಿ ಇಷ್ಟು ಮಾತಾಡ್ತಾಳ ಅಂತ ನನಗ ಗೊತ್ತಿದ್ದಿಲ್ಲ. ಖರೆ ಹೇಳ್ತೇನಿ, ಕೇಳಾಕ ಭಾಳ ಛಲೋ ಅನಸ್ತೈತಿ."

ಡಿಸೆಂಬರಿನ ಮೊದಲ ವಾರ ಅವರು ಬೆಳಗಿನ ಬಸ್ಸಿಗೆ ಹತ್ತಿ, ಹುನಗುಂದದಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ ತಿಂದು, ಬಾಗಲಕೋಟೆ ಮುಟ್ಟಿದರು. ಪರೀಕ್ಷೆ ಮಾಡಲು ಬಂದಿದ್ದವರು ಐಮನ್ ಪಾದ್ರಿಗಳು. ಮಂಗಳೂರಿನವರು, ಟಾಂಗನೀಕಾದಲ್ಲಿ ಎಂಟು ವರ್ಷ ಇದ್ದು ಬಂದವರು.

ಮೊದಲು ಮಾಸ್ತರನ ಸರದಿ. ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಪಾದ್ರಿಗಳು ಸ್ವಾಹಿಲಿಯಲ್ಲಿ ಕೇಳಿದರು. ಮಾಸ್ತರ ಸಣ್ಣಂದಿನಿಂದ ತನ್ನ ಅಣ್ಣನನ್ನು ದಾದಾ ಎಂದು ಕರೆದವನು. ಗಾಬರಿಯಲ್ಲಿ ಅದೇ ಬಾಯಿಗೆ ಬಂತು. ನನಗೊಬ್ಬ ದಾದಾ ಇದ್ದಾನೆ, ಅವನು ಪೈಲವಾನ, ಅವನಿಗೆ ಇಷ್ಟು ದೊಡ್ಡ ಮೀಸೆ ಇದೆ ಎಂದು ಕೈಯಿಂದ ತೋರಿಸಿದ.

ಪಾದ್ರಿಗಳು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಮಾಸ್ತರರೇ, ಆ ಭಾಷೆಯಲ್ಲಿ ದಾದಾ ಅಂದರೆ ಅಕ್ಕ."

ಮೊದಲು ನಕ್ಕವಳು ಕರುಣಾ. ಆಮೇಲೆ ಪಾದ್ರಿಗಳು. ಕೊನೆಗೆ ಮಾಸ್ತರನೂ ನಕ್ಕ, ಮತ್ತು ನಕ್ಕ ಮೇಲೆ ಅವನ ನಾಲಿಗೆ ಸಡಿಲಾಯಿತು. ಉಳಿದ ಪ್ರಶ್ನೆಗಳಿಗೆ ತಡವರಿಸುತ್ತಲೇ ಆದರೂ ಉತ್ತರ ಕೊಟ್ಟ.

ರಾಹೇಲವ್ವನ ಸರದಿ ಬಂದಾಗ ಪಾದ್ರಿಗಳು ತಾವೇ ಜ್ವರ ಬಂದ ಕೂಸಿನ ತಂದೆಯಾದರು. ಎಷ್ಟು ದಿನದಿಂದ ಜ್ವರ ಎಂದು ಅವಳು ಕೇಳಿದಳು. ನಾಲ್ಕು ದಿನ ಎಂದರು. ಕುಡಿಯಲು ಏನು ಕೊಟ್ಟೆ ಎಂದು ಕೇಳಿದಳು. ಏನೂ ಇಲ್ಲ ಎಂದರು. ಅಷ್ಟೇ ಸಾಕಾಯಿತು. ನಾಲ್ಕು ದಿನ ಕೂಸನ್ನು ಒಣಗಿಸಿ ಈಗ ಹೊತ್ತು ತಂದೆಯಾ, ಏಳು, ಮೊದಲು ನೀರು ಕಾಯಿಸು ಎಂದು ರಾಹೇಲವ್ವ ಬೈಯತೊಡಗಿದಳು. ಪಾದ್ರಿಗಳು ಅರ್ಧ ಎದ್ದೇಬಿಟ್ಟಿದ್ದರು.

"ಅಮ್ಮಾ, ಸಾಕು ಸಾಕು!" ಎಂದರು ಕುರ್ಚಿಯ ತೋಳು ಹಿಡಿದು. "ಇದು ಪುಸ್ತಕದ ಮಾತಲ್ಲ. ಇದು ಮೊಂಬಾಸಾದ ಹೆಂಗಸರ ಮಾತು. ಎಲ್ಲಿ ಕಲಿತಿರಿ?"

"ಇಳಕಲ್ಲದಾಗ್ರಿ," ಎಂದಳು ರಾಹೇಲವ್ವ.

ಪಾದ್ರಿಗಳು ನಂಬಲಿಲ್ಲ. ಮರುದಿನ ಅವರ ಜೊತೆಗೇ ಬಸ್ಸು ಹತ್ತಿ ಬಂದು, ರಾಜಮಹ್ಮದನ ಪಡಸಾಲೆಯಲ್ಲಿ ಕೂತು, ಪರದೆಯ ಕಡೆಗೆ ಮುಖ ಮಾಡಿ ಸ್ವಾಹಿಲಿಯಲ್ಲಿ ನಮಸ್ಕಾರ ಹೇಳಿದರು. ಒಳಗಿನಿಂದ ಉತ್ತರ ಬಂತು. ಆಮೇಲೆ ಗಳಿಗೆಹೊತ್ತು ಮಾತು ನಿಲ್ಲಲಿಲ್ಲ. ಎದ್ದಾಗ ಅವರು ಮಾಸ್ತರನಿಗೆ, "ಇಬ್ಬರೂ ಪಾಸು. ಆದರೆ ಮೊದಲ ವರ್ಷ ಮಾತು ನಿಮ್ಮ ಮನೆಯವರದಿರಲಿ" ಎಂದರು.

ಹೊರಡುವ ಮುಂಚೆ ಪಾದ್ರಿಗಳು ಶಹರಬಾನುವಿನಿಂದ ಒಂದು ಹೆಸರು ಬರೆದುಕೊಂಡು ಹೋಗಿದ್ದರು: ಅವಳ ತಂಗಿ ಜುಬೇದಾ. ಯುದ್ಧದ ವರ್ಷಗಳಿಂದ ಅವಳ ಕಾಗದವೇ ಇರಲಿಲ್ಲ. ಅವಳನ್ನು ಹುಡುಕಿ, ಮಾಸ್ತರನ ಹಡಗು ಬರುವ ದಿನ ತಿಳಿಸಿರೆಂದು ಮೊಂಬಾಸಾದಲ್ಲಿದ್ದ ತಮ್ಮ ಗೆಳೆಯರಿಗೆ ಪಾದ್ರಿಗಳು ಬರೆದರು. ಆದರೆ ಅಲ್ಲಿಂದ ಉತ್ತರ ಬರುವ ಮೊದಲೇ ಮಾಸ್ತರನ ಟ್ರಂಕುಗಳಿಗೆ ಹಗ್ಗ ಬಿಗಿದಾಗಿತ್ತು, ಸಾಲೆಯ ಮಕ್ಕಳು ಹಾರ ಹಾಕಿಯಾಗಿತ್ತು. ಶಹರಬಾನು ಕೊನೆಯ ಸಂಜೆಯೂ ಪಾಠ ತಪ್ಪಿಸಲಿಲ್ಲ.

ಮುಂಬೈಯಿಂದ ಹೊರಟ ಆಗಬೋಟು ಮೊಂಬಾಸಾದಲ್ಲಿ ಒಂದು ದಿನ ನಿಂತಿತು. ಧಕ್ಕೆಯ ಮೇಲೆ ಕಪ್ಪು ಬುರ್ಖಾದ ಒಬ್ಬ ಹೆಂಗಸು ಕೈಯಲ್ಲಿ ಕಾಗದ ಹಿಡಿದು, ಇಳಿಯುತ್ತಿದ್ದವರ ಮುಖಗಳನ್ನೆಲ್ಲ ನೋಡುತ್ತ ನಿಂತಿದ್ದಳು. ಇವಳೇ ಇರಬೇಕೆಂದು ರಾಹೇಲವ್ವ ಹತ್ತಿರ ಹೋಗಿ, ಅಕ್ಕ ಕ್ಷೇಮ, ಮೊಮ್ಮಗ ಹುಟ್ಟಿದ್ದಾನೆ, ನಿನ್ನನ್ನು ದಿನಾ ನೆನೆಯುತ್ತಾಳೆ ಎಂದು ಸ್ವಾಹಿಲಿಯಲ್ಲಿ ಒಂದೇ ಉಸಿರಿಗೆ ಹೇಳಿದಳು.

ಜುಬೇದಾ ರಾಹೇಲವ್ವನ ಎರಡೂ ಕೆನ್ನೆ ಹಿಡಿದು, "ಇನ್ನೊಮ್ಮೆ ಹೇಳು" ಎಂದಳು. "ನೀನು ಥೇಟ್ ನಮ್ಮಕ್ಕನ ಹಾಗೇ ಮಾತಾಡುತ್ತೀ."

ರಾಹೇಲವ್ವ ಇನ್ನೊಮ್ಮೆ ಹೇಳಿದಳು. ಆಮೇಲೆ ಕರುಣಾ ಹೇಳಿದಳು. ಮಾಸ್ತರನೂ ಧಕ್ಕೆಯ ಕಟ್ಟೆಯ ಮೇಲೆ ಕೂತಲ್ಲಿಂದಲೇ ಎರಡು ಮಾತು ಸೇರಿಸಿದ, ಒಂದೂ ತಪ್ಪಿರಲಿಲ್ಲ. ಜುಬೇದಾ ಅವರನ್ನು ಮನೆಗೆ ಕರೆದೊಯ್ದು ಮೀನು, ಅನ್ನ ಬಡಿಸಿದಳು. ಸಂಜೆ ಆಗಬೋಟು ಕೂಗುವತನಕ ಬಿಡಲಿಲ್ಲ.