ಮುಯ್ಯಾಳಿಗೆ ಕೂಲಿ

ಮೂರನೆಯ ಪಂದ್ಯವನ್ನೂ ಸೋತು ದಂಡಿನಶಿವರದ ಹಾಕಿ ತಂಡ ಗೆರೆಯಾಚೆ ಬಂದು ಕೂತಾಗ ಬೆಟ್ಟಸ್ವಾಮಿಗೆ ಕಾಲಿನ ಪ್ಯಾಡ್ ಬಿಚ್ಚಲೂ ಮನಸ್ಸಾಗಲಿಲ್ಲ. ತಂಡದ ಗೋಲ್‌ಕೀಪರ್ ಅವನು, ನಾಯಕನೂ ಅವನೇ. ಆರು ಗೋಲು ಅವನನ್ನು ದಾಟಿ ಹೋಗಿದ್ದವು. ಕಡೆಯ ಹೊತ್ತಿಗೆ ಮೈದಾನದಲ್ಲಿ ಉಳಿದವರು ಒಂಬತ್ತೇ ಜನ. ಕುಂಟಿಕೊಂಡು ಹೊರಗೆ ಬಂದವರ ಜಾಗಕ್ಕೆ ಇಳಿಯಲು ಯಾರೂ ಇರಲಿಲ್ಲ.

ತಂಡದ ಅಧ್ಯಕ್ಷರು ತಿಪಟೂರಿನ ಕೊಬ್ಬರಿ ವ್ಯಾಪಾರಿ ವೀರಭದ್ರಯ್ಯ. ಬಂದವರೇ ಎಲ್ಲರಿಗೂ ಕೇಳುವಂತೆ ಶುರುಮಾಡಿದರು.

"ಕೊಡಗಿಂದ ನಾಕು ಜನನ ತಂದಿದ್ದೀನಿ. ಸೀಜನ್ ಪೂರ್ತಿ ಕಾಂಟ್ರಾಕ್ಟು. ಆಡಿದ್ರೂ ಕೊಡ್ಬೇಕು, ಮಲಗಿದ್ರೂ ಕೊಡ್ಬೇಕು. ಊರಿನೋರು ನಿಮಗೆ ಅವರ ಹಿಂದೆ ಓಡಕ್ಕೂ ಆಗಲ್ವೇನ್ರಪ್ಪ?"

"ಅದ್ರಲ್ಲಿ ಇಬ್ರು ಮಲಗೇ ಅವ್ರೆ ಸಾವ್ಕಾರ್ರೇ," ಎಂದ ಬೆಟ್ಟಸ್ವಾಮಿ. "ಒಬ್ಬನಿಗೆ ಮೀನಖಂಡ ಹಿಡಿದೈತೆ, ಇನ್ನೊಬ್ಬನ ಕಾಲು ಉಳುಕೈತೆ. ಅವ್ರದೇನು ತಪ್ಪಿಲ್ಲ. ಬದ್ಲಿಗೆ ಇಳಿಸಾಕೆ ಮುಯ್ಯಿಗೆ ಬರೋ ಹಂದನಕೆರೆ ಹುಡುಗ್ರು ಇರೋರು. ಅವ್ರನ್ನ ಓಡಿಸ್ದೋರು ಯಾರು?"

"ಓಡಿಸಿದ್ನಾ? ಕೈತುಂಬ ಕೊಟ್ಟು ಕಳಿಸ್ದೆ ಕಣಯ್ಯ. ಇನ್ನೊಂದು ಮ್ಯಾಚ್ ಸೋತು ನೋಡಿ, ಹನ್ನೊಂದು ಜನನೂ ಹೊರಗಿಂದ್ಲೇ ತರ್ತೀನಿ. ನೀವು ಕಾಯಿ ಸುಲ್ಕೊಂಡಿರಿ."

ಬೆಟ್ಟಸ್ವಾಮಿ ಹಲ್ಲು ಕಚ್ಚಿದ. ಕೈತುಂಬ ಕೊಟ್ಟಿದ್ದೇ ಆದ ಅನಾಹುತವೆಂದು ಈ ಮನುಷ್ಯನಿಗೆ ಹೇಗೆ ತಿಳಿಸುವುದು?

ಇವತ್ತು ನಿನ್ನ ಹೊಲದ ರಾಗಿ ಕೊಯ್ಯಲು ನಾನು ಬಂದರೆ, ನಾಳೆ ನನ್ನ ತೋಟದ ಕಾಯಿ ಕೆಡವುವಾಗ ನೀನು ಬರುತ್ತೀಯೆ. ಹಾಗೆ ಬಂದವನು ಮುಯ್ಯಾಳು. ಅವನಿಗೆ ಊಟ ಹಾಕಬೇಕು, ಎಲೆ ಅಡಿಕೆ ಕೊಡಬೇಕು, ಕೂಲಿ ಮಾತ್ರ ಕೊಡಬಾರದು. ಯಾರು ಯಾರಿಗೆ ಎಷ್ಟು ಬೆವರು ಸುರಿಸಿದರೆಂಬುದು ಶಿವನಿಗೆ ಗೊತ್ತಿದ್ದರೆ ಸಾಕು. ಅದನ್ನು ಚುಕ್ತಾ ಮಾಡುವುದೆಂದರೆ ನಿನ್ನ ನನ್ನ ನಂಟು ಇಲ್ಲಿಗೆ ಮುಗಿಯಿತು ಎಂದು ಹೇಳಿದ ಹಾಗೆ. ಈ ಊರುಗಳ ಹಾಕಿಯೂ ಮುಯ್ಯಾಳಿನ ಮೇಲೆಯೇ ನಡೆದು ಬಂದದ್ದು. ಇವರಿಗೆ ಆಟಗಾರ ಕಡಿಮೆಯಾದರೆ ಅವರು, ಅವರಿಗೆ ಕಡಿಮೆಯಾದರೆ ಇವರು.

ಈ ಸಲದ ಮೊದಲ ಪಂದ್ಯಕ್ಕೂ ಹಂದನಕೆರೆಯವರು ಬಂದು ಆಡಿದ್ದರು. ಮುಗಿದ ಮೇಲೆ ವೀರಭದ್ರಯ್ಯನವರು, "ಯಾರ ಹಂಗೂ ನಮಗೆ ಬೇಡ," ಎಂದು ಒಬ್ಬೊಬ್ಬರ ಕೈಗೂ ಒಂದೊಂದು ದುಡ್ಡಿನ ಕವರ್ ತುರುಕಿದರು. ಹುಡುಗರು ತಲೆಯೆತ್ತಿ ನೋಡಲಿಲ್ಲ. ಕವರ್‌ಗಳನ್ನು ಅಲ್ಲೇ ನೆಲದ ಮೇಲಿಟ್ಟು ಬೈಕ್ ಹತ್ತಿದರು.

ಮೂರನೆಯ ಪಂದ್ಯ ಸೋತ ಮಾರನೆಯ ಬೆಳಿಗ್ಗೆ ಬೆಟ್ಟಸ್ವಾಮಿ ಹಂದನಕೆರೆಗೆ ಹೋದ. ಅಲ್ಲಿನ ತಂಡದ ನಾಯಕ ಜ್ಞಾನೇಶ್ ತೋಟದಲ್ಲಿ ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸುಲಿಯುತ್ತಿದ್ದ.

"ಬಾಪ್ಪ ಕಾಂಟ್ರಾಕ್ಟು," ಎಂದ, ಕೈ ನಿಲ್ಲಿಸದೆ.

"ಅಣಕಿಸ್ಬೇಡ ಕಣ್ಲಾ. ಭಾನ್ವಾರ ಸೋತ್ರೆ ನಮ್ಮೂರ ತಂಡದಲ್ಲಿ ನಮ್ಮೂರೋನು ಒಬ್ನೂ ಇರಾಕಿಲ್ಲ. ಹುಡುಗ್ರನ್ನ ಕಳ್ಸು."

"ಕೂಲಿ ಕೊಟ್ಟಾದ್ಮೇಲೆ ಮುಯ್ಯಿ ಎಲ್ಲುಳೀತ್ಲಾ?" ಜ್ಞಾನೇಶ್ ಸಿಪ್ಪೆಯನ್ನು ರಪ್ಪನೆ ಒಗೆದ. "ನಿಮ್ಮಪ್ಪ ಸತ್ತಾಗ ನಮ್ಮಪ್ಪ ಹೆಗಲು ಕೊಟ್ಟವ್ನೆ. ಅದಕ್ಕೂ ಒಂದು ಕವರ್ ಕಳಿಸ್ತಾನಾ ಕೇಳು ನಿಮ್ಮ ಸಾವ್ಕಾರ."

ಬೆಟ್ಟಸ್ವಾಮಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಬಗ್ಗಿ ರಾಶಿಯಿಂದ ಒಂದು ಕಾಯಿ ಎತ್ತಿ ಹಾರೆಯ ಪಕ್ಕಕ್ಕಿಟ್ಟ.

"ಹಂಗಾದ್ರೆ ಹೊಸ್ದಾಗೇ ಶುರು ಮಾಡನ," ಎಂದ. "ಮೊದ್ಲು ನಾನು ಬತ್ತೀನಿ."

ಜ್ಞಾನೇಶ್ ಅವನ ಮುಖವನ್ನೇ ನೋಡಿದ. "ಶನಿವಾರ ದಬ್ಬೇಘಟ್ಟದಲ್ಲಿ ನಮ್ಮ ಮ್ಯಾಚು. ನಮ್ಮ ಕೀಪರ್ ಲಕ್ಕಯ್ಯನ ಬೆರಳು ಮುರಿದೈತೆ. ಬಾ. ಉಳಿದಿದ್ದು ಆಮೇಲೆ."

ಶನಿವಾರ ಬೆಟ್ಟಸ್ವಾಮಿ ಲಕ್ಕಯ್ಯನ ಬಿಗಿ ಪ್ಯಾಡುಗಳನ್ನು ಕಟ್ಟಿಕೊಂಡು ಹಂದನಕೆರೆಯ ಗೋಲಿನಲ್ಲಿ ನಿಂತ. ಅರ್ಧ ಆಟ ಮುಗಿದು ನೀರು ಕುಡಿಯುತ್ತಿದ್ದಾಗ ವೀರಭದ್ರಯ್ಯನವರ ಕಾರು ಬಂದು ನಿಂತಿತು. ಯಾರೋ ಫೋನ್ ಮಾಡಿರಬೇಕು.

"ಎಷ್ಟು ಕೊಟ್ರೋ?" ಅವರು ಕೇಳಿದ ಮೊದಲ ಮಾತೇ ಅದು.

ಬೆಟ್ಟಸ್ವಾಮಿಗೆ ಮೈಯೆಲ್ಲ ಉರಿದುಹೋಯಿತು. "ಮುದ್ದೆ ಹಾಕಿದ್ರು, ಹುರುಳಿ ಸಾರು ಬುಟ್ರು. ಲೆಕ್ಕ ಬರ್ಕಳಿ."

"ತಮಾಷೆ ಬೇಡ. ಅವರೆಷ್ಟು ಕೊಟ್ಟಿದ್ರೂ ಅದರ ಮೇಲೆ ನಾನು ಕೊಡ್ತೀನಿ. ಕಾರು ಹತ್ತು. ಮತ್ತೆ ಒಳಗೆ ಕಾಲಿಟ್ಯೋ, ನಾಳೆ ನಿನ್ನ ಗೋಲಲ್ಲಿ ಬೇರೆಯೋನು ನಿಂತಿರ್ತಾನೆ. ನಾಳೆ ಒಂದಿನ ಅಲ್ಲ, ಯಾವತ್ತೂ."

ಮೀಸೆ ಮೂಡುವ ಮೊದಲಿನಿಂದ ಅವನು ಕಾಯ್ದ ಗೋಲು ಅದು. ಊರಮ್ಮನಿಗೆ ಕೈಮುಗಿಯದೆ ಅಲ್ಲಿ ನಿಂತವನಲ್ಲ. ಅದನ್ನು ಬಿಡಬೇಕಾದ ಸಂಕಟವೂ ಸಿಟ್ಟೇ ಆಯಿತು.

"ನಿಲ್ಲಿಸ್ಕಳಿ ಸಾವ್ಕಾರ್ರೇ. ಅವನ ಕಾಲು ಉಳುಕಿದ್ರೆ ಇನ್ನೊಬ್ಬನ್ನ ತನ್ನಿ, ಅವನಿಗೂ ಕಾಂಟ್ರಾಕ್ಟು ಮಾಡಿ. ಚಪ್ಪಾಳೆ ತಟ್ಟಾಕೂ ಒಂದಷ್ಟು ಜನಕ್ಕೆ ಮಾಡ್ಸಿ. ನಮ್ಮೂರೋರು ತಟ್ಟಾಕಿಲ್ಲ."

ಅಂಪೈರ್ ಸೀಟಿ ಊದಿದ. ಬೆಟ್ಟಸ್ವಾಮಿ ಹೆಲ್ಮೆಟ್ಟಿನೊಳಗೆ ತಲೆ ತೂರಿಸಿ, ಹಿಂದಿರುಗಿ ನೋಡದೆ ಗೋಲಿನ ಕಡೆ ನಡೆದ.

"ಬಲಗಡೆ ಯಾಕ್ಲಾ ಬಾಯಿ ಬುಟ್ಕೊಂಡ್ ನಿಂತಿದೀರ?" ಎಂದು ಹಂದನಕೆರೆಯ ಹುಡುಗರ ಮೇಲೆ ಹರಿಹಾಯ್ದ. "ಮುಚ್ರಲಾ ಆ ಸಂದನ್ನ."