ಒಡಕು ದನಿಯ ಬಟ್ಟಲು

"ಮತ್ತೆ ತಂದ್ಯಾ ಆ ಬಟ್ಟಲನ್ನ?" ಅತ್ತೆ ಹೀರಾದೇವಿ ಅಡುಗೆಮನೆಯಿಂದಲೇ ಕೂಗಿದಳು. "ನಮ್ಮತ್ತೆ ಅಂಥದ್ರಲ್ಲಿ ಅನ್ನ ಉಣ್ತಿದ್ರು ಕಣೇ. ಈಗ ನೋಡಿದ್ರೆ ಎದೆ ಮೇಲಿಟ್ಟು ಬಡೀತಾರೆ!"

ಸೊಸೆ ಕೇಶರಿ ಬಟ್ಟಲು ಹಿಡಿದು ಒಳಕೋಣೆಗೆ ನಡೆದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮಾವನನ್ನು ಮೆಲ್ಲಗೆ ಅಂಗಾತ ತಿರುಗಿಸಿ, ಹೊದಿಕೆಯ ಮೇಲೆ ಬಟ್ಟಲಿಟ್ಟಳು. ಅಷ್ಟಮಾನ್ ಕಂಸಕಾರ್ ಕಣ್ಣು ಮುಚ್ಚಿಕೊಂಡೇ ಇದ್ದರು. ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ.

ಪಾಟನ್‌ನ ಆ ಓಣಿಯಲ್ಲಿ ಕಂಚು ಬಡಿಯುವವರಲ್ಲಿ ಅಷ್ಟಮಾನರಂಥ ಕಿವಿ ಇನ್ನೊಬ್ಬರಿಗಿರಲಿಲ್ಲ. ದಸರೆ ಮುಗಿದ ಮೇಲೆ ಲಕ್ವ ಹೊಡೆದು ಬಲಗೈ, ಬಲಗಾಲು, ನಾಲಿಗೆ ಮೂರೂ ಬಿದ್ದುಹೋದವು. ಕಾಲು ತಿರುಗಿ ಬಂತು, ಕೈ ಅರೆಬರೆ ಬಂತು. ಎದ್ದು ಓಡಾಡಿದರೆ ಉಳಿದದ್ದೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವರು ಏಳಲೇ ಇಲ್ಲ. ಇಕ್ಕಳ ಹಿಡಿಯುವ ಕೈ ಗಡಗಡ ನಡುಗುತ್ತಿರುವಾಗ ಎದ್ದು ಮಾಡುವುದೇನು? ಕೆಳಗೆ ಕುಲುಮೆಯಲ್ಲಿ ಮಗ ಪುಣ್ಯರತ್ನ ತನಗೆ ತಿಳಿದ ಹಾಗೆ ಕೆಲಸ ನಡೆಸುತ್ತಿದ್ದ. ಮೇಲೆ ಅಪ್ಪ ಗೋಡೆ ನೋಡುತ್ತಿದ್ದರು.

ಇದೇ ಕೇಶರಿಯ ಕೊರಗು. ಪ್ರವಾಸಿಗರ ಪೇಟೆ ಠಮೇಲಿನ ಒಂದು ಕೋಣೆಯಲ್ಲಿ ಅವಳು ಪರದೇಶದವರನ್ನು ಮಲಗಿಸಿ, ಸುತ್ತ ಬಟ್ಟಲಿಟ್ಟು ನಾದ ಎಬ್ಬಿಸುತ್ತಿದ್ದಳು. ಅವರು ಅಳುತ್ತಿದ್ದರು, ಗೊರಕೆ ಹೊಡೆಯುತ್ತಿದ್ದರು, ಹೋಗುವಾಗ ಅವಳನ್ನು ತಬ್ಬಿಕೊಳ್ಳುತ್ತಿದ್ದರು. ಏಳು ಲೋಹದ ಬಟ್ಟಲು ಎಂದು ಅವಳು ಅಲ್ಲಿ ಹೇಳುವುದು ಕೇಳಿ, ಆಗ ಗಟ್ಟಿಮುಟ್ಟಾಗಿದ್ದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ತಾಮ್ರ, ತವರ. ಎರಡೇ ಕಣಮ್ಮಾ! ಉಳಿದ ಐದನ್ನ ನಿಮ್ಮ ಠಮೇಲಿನ ಧಣಿ ಬಾಯಲ್ಲೇ ಕರಗಿಸಿದ್ದಾನೆ." ಆ ನಗು ಇನ್ನೊಮ್ಮೆ ಕೇಳಬೇಕು, ಮಾವ ಒಂದು ಸಲ ಮೆಟ್ಟಿಲಿಳಿದು ಕುಲುಮೆಯ ಮುಂದೆ ಕೂರಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ಊರಿಗೆಲ್ಲ ಹಂಚುವ ಮದ್ದು ಮನೆಗೆ ತಾಗುತ್ತಿರಲಿಲ್ಲ.

ಅವತ್ತು ಅವಳ ಹಳೆಯ ಬಟ್ಟಲು ಠಮೇಲಿನಲ್ಲೇ ಉಳಿದಿತ್ತು. ಕೆಳಗೆ ಗಂಡ ಹೊಸದಾಗಿ ಬಡಿದು ಪೇರಿಸಿದ್ದರಲ್ಲಿ ಕೈಗೆ ಸಿಕ್ಕಿದ್ದನ್ನು ತಂದಿದ್ದಳು. ಚರ್ಮ ಸುತ್ತಿದ ಕೋಲಿನಿಂದ ಅಂಚಿಗೆ ಮೃದುವಾಗಿ ತಟ್ಟಿದಳು.

ಅಷ್ಟಮಾನರ ಹುಬ್ಬು ಗಂಟಾಯಿತು.

ಇನ್ನೊಮ್ಮೆ ತಟ್ಟಿದಳು. ಅವರು ಕಣ್ಣು ಬಿಟ್ಟರು. "ನಿ... ನಿಲ್ಸು."

ಕೇಶರಿ ಕೋಲು ಬದಿಗಿಟ್ಟು ಅವರ ಮುಖದತ್ತ ಬಾಗಿದಳು. ಎಷ್ಟೋ ಕಾಲದಿಂದ ಅವರ ಬಾಯಿಂದ ನೀರು, ಸಾಕು ಎಂಬ ಮಾತು ಬಿಟ್ಟು ಬೇರೇನೂ ಬಂದಿರಲಿಲ್ಲ.

"ಯಾಕೆ ಮಾವ? ನೋವಾಯ್ತಾ?"

"ಒಡಕು," ಎಂದರು ಅವರು, ಮುಖ ಕಿವುಚಿ. ಮತ್ತೆ ಗೋಡೆಗೆ ತಿರುಗಿದರು.

ಅವಳು ಬಟ್ಟಲನ್ನು ಕಿವಿಗೆ ಹಿಡಿದು ತಟ್ಟಿ ನೋಡಿದಳು. ನಾದದ ಬಾಲದಲ್ಲಿ ನೊಣ ಸಿಕ್ಕಿಕೊಂಡ ಹಾಗೆ ಒಂದು ಜಿರುಗುಟ್ಟುವಿಕೆ. ಕಣ್ಣಿಗೆ ಬಿರುಕು ಕಾಣಲಿಲ್ಲ. ಕಾದ ಲೋಹದ ಕೆಂಪು ಆರಿದ ಮೇಲೂ ಪುಣ್ಯರತ್ನ ಸುತ್ತಿಗೆ ಹಾಕಿಸಿದ್ದ. ಕೆಂಡದಂತಿರುವಾಗ ಬಗ್ಗುವ ಕಂಚು, ಆರಿದ ಮೇಲೆ ಒಳಗೊಳಗೇ ಬಿರಿಯುತ್ತದೆ.

ಮರುದಿನ ಠಮೇಲಿನಿಂದ ಒಳ್ಳೆಯ ಬಟ್ಟಲು ಮನೆಗೆ ಬಂತು. ಕೇಶರಿ ಅದನ್ನು ಮುಟ್ಟಲಿಲ್ಲ. ಒಡಕಿನದನ್ನೇ ಮಾವನ ಎದೆ ಮೇಲಿಟ್ಟು ಗಟ್ಟಿಯಾಗಿ ಬಾರಿಸಿದಳು. ಬಿಡದೆ ಬಾರಿಸಿದಳು.

"ನಿನ್ಗೆ ತಲೆ ಕೆಟ್ಟಿದ್ಯೇನೇ?" ಅತ್ತೆ ಸೌಟು ಹಿಡಿದೇ ಓಡಿಬಂದಳು. "ಸತ್ತಿರೋರೂ ಎದ್ದು ಓಡಿಹೋಗ್ತಾರೆ!"

"ಓಡ್ಲಿ ಅತ್ತೆ. ನಂಗೆ ಬೇಕಿರೋದೂ ಅದೇ."

"ಯಾರು..." ಅಷ್ಟಮಾನರ ಮುಖ ಕೆಂಪೇರಿತ್ತು. "ಯಾರು ಬಡ್ದಿದ್ದು ಇದನ್ನ?"

"ನಿಮ್ಮ ಮಗ. ಕೆಳಗೆ ಇಂಥವೇ ಪೇರಿಸಿಟ್ಟಿದ್ದಾರೆ. ನಿಮ್ಮ ಹೆಸರಲ್ಲೇ ಮಾರ್ತಾರಂತೆ."

ಮುದುಕರು ಎಡಗೈಯಲ್ಲಿ ಬಟ್ಟಲನ್ನು ಅವುಚಿಕೊಂಡು ಎದ್ದು ಕೂತರು. ಕಾಲೆಳೆಯುತ್ತ ಹೋಗಿ ಏಣಿಯಂತಿದ್ದ ಮರದ ಮೆಟ್ಟಿಲಿನ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಜಾರುತ್ತ ಇಳಿದರು. ಹೀರಾದೇವಿ ಮೇಲಿನಿಂದ ಬೈಯುತ್ತ ಅಳುತ್ತಿದ್ದಳು. ಕೇಶರಿ ಕೆಳಗಿನ ಮೆಟ್ಟಿಲಲ್ಲಿ ಅವರು ಬೀಳದಂತೆ ಬೆನ್ನು ಕೊಟ್ಟು ನಿಂತಿದ್ದಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಕಾದ ಲೋಹದ ಬಣ್ಣ ಕಾಣಲೆಂದು ಕಿಟಕಿಗೆ ಗೋಣಿ ಕಟ್ಟಿದ ಕತ್ತಲ ಕುಲುಮೆಯಲ್ಲಿ ಸುತ್ತಿಗೆಗಳು ತಟಕ್ಕನೆ ನಿಂತವು.

"ಅಪ್ಪಾ!"

"ಕಿವಿ ಮಾರ್ಕೊಂಡ್ಯೇನೋ, ಕತ್ತೆ!" ಮಾತು ತೊದಲಿತು, ಆದರೆ ಎಲ್ಲರಿಗೂ ಅರ್ಥವಾಯಿತು. ಸುತ್ತಿಗೆ ಹಿಡಿದವರು ಖುಷಿಯಿಂದ ಕಿಸಕ್ಕನೆ ನಕ್ಕರು. "ಬೆಂಕಿ ಏರ್ಸು."

ಪುಣ್ಯರತ್ನ ಇಕ್ಕಳ ಹಿಡಿದ. ಅಷ್ಟಮಾನ್ ಬೆತ್ತದ ಪೀಠದ ಮೇಲೆ ಕೂತರು, ನಡುಗುವ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು. ಕೆಂಪಗೆ ಕಾದ ಕಂಚಿನ ಬಿಲ್ಲೆ ಅಡಿಗಲ್ಲಿನ ಮೇಲೆ ಬಂತು. "ಹಾಕು!" ಸುತ್ತಿಗೆಗಳು ಒಂದರ ಹಿಂದೊಂದು ಬಿದ್ದವು. "ಹಾಕು! ತಿರುಗ್ಸು! ಹಾಕು... ಸಾಕು! ಸಾಕು ಅಂದ್ನಲ್ಲ!" ಮತ್ತೆ ಬೆಂಕಿಗೆ. ಓಣಿಯವರು ಬಾಗಿಲಲ್ಲಿ ನೆರೆದರು. ಮುದುಕರ ಅರಚಾಟ ಚೌಕದಾಚೆಯ ಅಂಗಡಿಗೂ ಕೇಳಿಸಿತು.

ಹೊತ್ತು ಇಳಿಯುವಷ್ಟರಲ್ಲಿ ಬಟ್ಟಲು ಮುಗಿಯಿತು. ಪುಣ್ಯರತ್ನ ಅದನ್ನು ಅಂಗೈ ಮೇಲಿಟ್ಟು ತಟ್ಟಿದ. ನಾದ ಹೊರಟಿತು. ಜನ ಉಸಿರು ಬಿಗಿಹಿಡಿದು ಕಾದರು, ಅದು ತುಂಬ ಹೊತ್ತು ಮುಗಿಯಲೇ ಇಲ್ಲ. ಎಲ್ಲೂ ಜಿರುಗುಟ್ಟಲಿಲ್ಲ. ಓಣಿಗೆ ಓಣಿಯೇ ಹೋ ಎಂದು ಕೂಗಿತು. ಪುಣ್ಯರತ್ನ ಬಾಗಿ ಅಪ್ಪನ ಕಾಲಿಗೆ ಹಣೆ ಹಚ್ಚಿದ. ಅಷ್ಟಮಾನ್ ಹೊಟ್ಟೆ ಕುಲುಕಿಸಿಕೊಂಡು ನಕ್ಕರು, ಅದೇ ಹಳೆಯ ನಗು. ಕೇಶರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಒಡಕಿನ ಬಟ್ಟಲನ್ನ ಕುಲುಮೆಗೆ ಹಾಕಮ್ಮಾ," ಎಂದರು ಮಾವ.

"ಹಾಕಲ್ಲ. ನೀವು ಮತ್ತೆ ಗೋಡೆ ನೋಡ್ಕೊಂಡು ಮಲಗಿದ್ರೆ ಬೇಕಾಗತ್ತೆ."

ಹೀರಾದೇವಿ ಹುರಿದ ಸೋಯಾ, ಅವಲಕ್ಕಿ ತಂದಿಟ್ಟು, ಹಿತ್ತಾಳೆ ಹೂಜಿಯನ್ನು ತಲೆಯೆತ್ತರಕ್ಕೆ ಹಿಡಿದು ಎಲ್ಲರ ಮಣ್ಣಿನ ಬಟ್ಟಲಿಗೂ ಮನೆಯ ಹೆಂಡ ಸುರಿದಳು. ಅಷ್ಟಮಾನ್ ಹೊಸ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ತೊಡೆಯ ಕೆಳಗಿಂದ ಬಲಗೈ ಹೊರತೆಗೆದು ಕೋಲು ಹಿಡಿದರು. ಅವರು ತಟ್ಟಲಿಲ್ಲ. ಕೈ ನಡುಗುತ್ತಿತ್ತು, ಕೋಲು ಅಂಚಿಗೆ ತಾನಾಗಿ ತಾಗುತ್ತಿತ್ತು. ಸಣ್ಣ ನಾದವೊಂದು ಬಿಡದೆ ಏಳುತ್ತಿತ್ತು. ಹೀರಾದೇವಿ ಸುರಿಯುವುದನ್ನು ನಿಲ್ಲಿಸಿ, ಹೂಜಿ ಎತ್ತಿ ಹಿಡಿದೇ ಕೇಳುತ್ತ ನಿಂತಳು.